ಗಿಡ್ಡ, ಉದ್ದ, ಗಿಡ್ಡ, ಉದ್ದ: ಒಂದು ಪಟ್ಟೆ ಹೊದಿಕೆಯ ಲೆಕ್ಕ

ಮನೆಯಲ್ಲಿ ಮಗು ಹುಟ್ಟುತ್ತದೆ ಎಂಬ ಸುದ್ದಿ ಬಂದರೆ ಸಾಕು, ಅಜ್ಜಿಯಂದಿರ ಟ್ರಂಕುಗಳು ತೆರೆದುಕೊಳ್ಳುತ್ತವೆ. ಉತ್ತರ ಕರ್ನಾಟಕದ ಕಡೆ ಹಳೆಯ ಹತ್ತಿ ಸೀರೆಗಳು ಕೌದಿಯಾಗುತ್ತವೆ. ಇನ್ನು ಕೆಲವು ಮನೆಗಳಲ್ಲಿ ಉಲ್ಲನ್ ಉಂಡೆಗಳೂ ಕ್ರೋಶ ಕಡ್ಡಿಯೂ ಹೊರಬರುತ್ತವೆ. ಟೋಪಿ, ಕಾಲುಚೀಲಗಳ ಜೊತೆಗೆ ಬಣ್ಣಬಣ್ಣದ ಪಟ್ಟೆಗಳ ಒಂದು ಹೊದಿಕೆಯೂ ಸಿದ್ಧವಾಗುತ್ತದೆ.

ಇದೆಲ್ಲ ಹೆಂಗಸರು ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ ಎಂದು ಪಕ್ಕಕ್ಕೆ ಸರಿಸುವ ರೂಢಿ ನಮ್ಮಲ್ಲಿದೆ. ಆದರೆ ಒಂದು ಕಡ್ಡಿ, ಒಂದು ದಾರ ಹಿಡಿದು ಕುಳಿತವರು ಮಾಡುವ ಕೆಲಸದಲ್ಲಿ ತ್ರೈರಾಶಿಯಿದೆ, ಸಮ-ಬೆಸ ಸಂಖ್ಯೆಗಳ ಗುಣವಿದೆ, ಉಷ್ಣದ ಪಾಠವಿದೆ. ಆರನೆಯ ಏಳನೆಯ ತರಗತಿಯ ಹುಡುಗನಾಗಲಿ ಹುಡುಗಿಯಾಗಲಿ ರಜೆಯಲ್ಲಿ ಕಲಿತು ಮುಗಿಸಬಹುದಾದ ಕೆಲಸವಿದು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪನ್ನು ಬೇಗ ಹಿಡಿಯುವುದು ಹೇಗೆ ಎಂಬುದನ್ನು ಇದು ಬೆರಳಿಗೇ ಕಲಿಸುತ್ತದೆ.

ಒಂದೇ ಕುಣಿಕೆಯ ಕೆಲಸ

ಕ್ರೋಶೆ ಎಂಬುದು ಫ್ರೆಂಚ್ ಮಾತು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಕಡ್ಡಿಯ ತುದಿಯಲ್ಲಿರುವ ಕೊಕ್ಕೆಯೇ ಹೆಸರಿಗೆ ಮೂಲ. ಎರಡು ಕಡ್ಡಿಗಳ ನಿಟಿಂಗ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಟಿಂಗ್‌ನಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ತೆರೆದುಕೊಂಡೇ ಇರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಏಣಿಯಂತೆ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಕ್ರೋಶದಲ್ಲಿ ಒಂದು ಹೊಲಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಒಂದೇ ಒಂದು ಕುಣಿಕೆ. ಉಳಿದವೆಲ್ಲ ಬಂದೋಬಸ್ತಾಗಿ ಕುಳಿತಿರುತ್ತವೆ. ತಪ್ಪಾಯಿತೇ? ಕಡ್ಡಿ ತೆಗೆದು ದಾರ ಎಳೆದರೆ ಹೊಲಿಗೆಗಳು ಒಂದೊಂದಾಗಿ ಬಿಚ್ಚುತ್ತವೆ. ಬೇಕಾದಲ್ಲಿಗೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ದಾರವೂ ಹಾಳಾಗುವುದಿಲ್ಲ. ಹೊಸಬರಿಗೆ ಇದಕ್ಕಿಂತ ದಯಾಳುವಾದ ಕಸುಬು ಅಪರೂಪ.

ಕಲಿಯುವವರು 5 ಮಿ.ಮೀ. ಕಡ್ಡಿಯನ್ನೂ ಮಧ್ಯಮ ದಪ್ಪದ ದಾರವನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ತಿಳಿ ಬಣ್ಣದ ದಾರದಲ್ಲಿ ಹೊಲಿಗೆಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಕಪ್ಪು, ಕಡುನೀಲಿಗಳಲ್ಲಿ ಎಣಿಸುವುದೇ ಕಷ್ಟ. ಉಂಡೆಯ ಪಟ್ಟಿಯ ಮೇಲೆ ಬಣ್ಣ ಹಾಕಿದ ಸರದಿಯ ಸಂಖ್ಯೆ ಇರುತ್ತದೆ. ಒಂದು ಬಣ್ಣದ ಉಂಡೆಗಳನ್ನೆಲ್ಲ ಒಂದೇ ಸಂಖ್ಯೆಯವನ್ನು ನೋಡಿ ಒಟ್ಟಿಗೇ ಕೊಳ್ಳಬೇಕು. ಇಲ್ಲದಿದ್ದರೆ ಅದೇ ಹಳದಿ ಎಂದು ತಂದದ್ದು ಹೊದಿಕೆಯ ಮಧ್ಯದಲ್ಲಿ ಬೇರೆಯಾಗಿ ಕಂಡೀತು.

ಎರಡೇ ಹೊಲಿಗೆ ಸಾಕು

ಮೊದಲು ಜಾರುಗಂಟು ಹಾಕಿ ಕಡ್ಡಿಗೆ ಏರಿಸಬೇಕು. ದಾರವನ್ನು ಕೊಕ್ಕೆಗೆ ಸುತ್ತಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನು. ಹೀಗೆ ಬೇಕಾದಷ್ಟು ಚೈನು ಹಾಕಿದರೆ ಅದೇ ಅಡಿಪಾಯ. ಹೊಸಬರು ದಾರವನ್ನು ಬಿಗಿಯಾಗಿ ಎಳೆಯುವುದರಿಂದ ಮೊದಲ ಸಾಲಿಗೆ ಕಡ್ಡಿಯೇ ತೂರುವುದಿಲ್ಲ. ಅಡಿಪಾಯಕ್ಕೆ ಮಾತ್ರ ಒಂದು ಅಳತೆ ದಪ್ಪದ ಕಡ್ಡಿ ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಇನ್ನು ಎರಡು ಹೊಲಿಗೆಗಳು. ಕೆಳಗಿನ ಹೊಲಿಗೆಯೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಎಳೆದರೆ ಗಿಡ್ಡ ಹೊಲಿಗೆ ಮುಗಿಯಿತು. ಉದ್ದ ಹೊಲಿಗೆಗೆ ಮೊದಲೇ ಒಮ್ಮೆ ದಾರ ಸುತ್ತಿಕೊಂಡು ಕಡ್ಡಿ ತೂರಿಸಬೇಕು. ದಾರ ಎಳೆದಾಗ ಮೂರು ಕುಣಿಕೆಗಳು. ಎರಡರೊಳಗಿಂದ ಒಮ್ಮೆ, ಉಳಿದೆರಡರೊಳಗಿಂದ ಇನ್ನೊಮ್ಮೆ ಎಳೆದರಾಯಿತು. ಪ್ರತಿ ಹೊಲಿಗೆಯ ನೆತ್ತಿಯ ಮೇಲೂ ಜಡೆಯಂತೆ ಎರಡು ಎಳೆಗಳಿರುತ್ತವೆ. ಕಡ್ಡಿ ಆ ಎರಡೂ ಎಳೆಗಳ ಕೆಳಗೆ ಹೋಗಬೇಕು.

ಪುಸ್ತಕ ನೋಡಿ ಕಲಿಯುವವರು ಇಲ್ಲೊಂದು ಎಚ್ಚರ ವಹಿಸಬೇಕು. ಈ ಗಿಡ್ಡ ಹೊಲಿಗೆಯನ್ನು ಅಮೆರಿಕದ ಪುಸ್ತಕಗಳು ಸಿಂಗಲ್ ಕ್ರೋಶೆ ಎನ್ನುತ್ತವೆ, ಇಂಗ್ಲೆಂಡಿನವು ಡಬಲ್ ಕ್ರೋಶೆ ಎನ್ನುತ್ತವೆ. ಅಮೆರಿಕದವರ ಡಬಲ್ ಇಂಗ್ಲೆಂಡಿನವರಿಗೆ ಟ್ರೆಬಲ್. ಪುಸ್ತಕ ಯಾವ ದೇಶದ್ದು ಎಂದು ನೋಡದೆ ಹೊರಟರೆ ಹೊದಿಕೆಯ ಅಳತೆಯೇ ಬದಲಾಗುತ್ತದೆ.

ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ. ಸಾಲಿನುದ್ದಕ್ಕೂ ಇಷ್ಟೇ. ಮುಂದಿನ ಸಾಲಿನಲ್ಲಿ ಉದ್ದದ ಮೇಲೆ ಗಿಡ್ಡ, ಗಿಡ್ಡದ ಮೇಲೆ ಉದ್ದ. ಉದ್ದ ಹೊಲಿಗೆಯನ್ನು ಎರಡು ಪಕ್ಕದ ಗಿಡ್ಡ ಹೊಲಿಗೆಗಳು ಕೆಳಗೆ ಅದುಮಿ ಹಿಡಿಯುವುದರಿಂದ ಅದು ಉಬ್ಬುತ್ತದೆ. ನಾಲ್ಕಾರು ಸಾಲು ಹಾಕುವಷ್ಟರಲ್ಲಿ ಬಟ್ಟೆಯ ಮೈಮೇಲೆ ನಿಂಬೆಯ ಸಿಪ್ಪೆಯಂತೆ ಸಣ್ಣ ಸಣ್ಣ ಉಬ್ಬುಗಳು ಮೂಡುತ್ತವೆ. ಇಂಗ್ಲಿಷಿನಲ್ಲೂ ಇದಕ್ಕೆ ನಿಂಬೆ ಸಿಪ್ಪೆಯ ಹೊಲಿಗೆ ಎಂದೇ ಹೆಸರು.

ಉಬ್ಬು ಕೇವಲ ಅಂದಕ್ಕಲ್ಲ. ಹೊದಿಕೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಮೈಯ ಶಾಖ ಹೊರಹೋಗುವುದನ್ನು ತಡೆಯುತ್ತದೆ. ನಿಶ್ಚಲವಾದ ಗಾಳಿ ಉಷ್ಣದ ಅವಾಹಕ. ಎಳೆಗಳ ನಡುವೆ, ಉಬ್ಬುಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಮಗುವನ್ನು ಬೆಚ್ಚಗಿಡುತ್ತದೆ.

ಮಾದರಿ ತುಂಡಿನ ತ್ರೈರಾಶಿ

ಹೊದಿಕೆ ಶುರುಮಾಡುವ ಮೊದಲು ಒಂದು ಸಣ್ಣ ಮಾದರಿ ತುಂಡು ಹಾಕಿ ನೋಡಬೇಕು. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ತರಹ. 10 ಸೆಂ.ಮೀ. ಅಗಲದಲ್ಲಿ 14 ಹೊಲಿಗೆ, 10 ಸೆಂ.ಮೀ. ಎತ್ತರದಲ್ಲಿ 10 ಸಾಲು ಬಂತೆಂದು ಇಟ್ಟುಕೊಳ್ಳೋಣ. ಹೊದಿಕೆಯ ಅಗಲ 75 ಸೆಂ.ಮೀ., ಉದ್ದ 90 ಸೆಂ.ಮೀ. ಬೇಕು. ತ್ರೈರಾಶಿಯಿಂದ ಅಗಲಕ್ಕೆ 105 ಹೊಲಿಗೆ, ಉದ್ದಕ್ಕೆ 90 ಸಾಲು. ಗಿಡ್ಡ ಉದ್ದಗಳು ಜೋಡಿಯಾಗಿ ಬರಬೇಕಾದ್ದರಿಂದ ಸಮ ಸಂಖ್ಯೆ ಬೇಕು. ಹಾಗಾಗಿ 106. ತಿರುಗುವುದಕ್ಕೆ ಒಂದು ಸೇರಿಸಿ 107 ಚೈನು ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಮೊದಲ ಗಿಡ್ಡ ಹೊಲಿಗೆ ಆರಂಭಿಸಬೇಕು.

ದಾರ ಎಷ್ಟು ಬೇಕು ಎಂಬುದಕ್ಕೂ ಅದೇ ತುಂಡೇ ಉತ್ತರ ಹೇಳುತ್ತದೆ. 10 ಸೆಂ.ಮೀ. ಚೌಕ 6 ಗ್ರಾಂ ತೂಗಿದರೆ, ಹೊದಿಕೆ ಅದರ ಅರವತ್ತೇಳೂವರೆ ಪಟ್ಟು ದೊಡ್ಡದು. ಅಂದರೆ 405 ಗ್ರಾಂ. ಹತ್ತರಲ್ಲೊಂದು ಪಾಲು ಹೆಚ್ಚಿಗೆ ಹಿಡಿದು ತಂದರೆ ಕೊನೆಯಲ್ಲಿ ಪರದಾಟವಿಲ್ಲ.

ಒಟ್ಟು ಹೊಲಿಗೆಗಳು 106 ಇಂಟು 90, ಅಂದರೆ 9540. ನಿಮಿಷಕ್ಕೆ ಹತ್ತು ಹಾಕಬಲ್ಲವರಿಗೆ ಸುಮಾರು 16 ಗಂಟೆಗಳ ಕೆಲಸ. ದಿನಕ್ಕೆ ಅರ್ಧ ಗಂಟೆಯಾದರೆ ಒಂದು ತಿಂಗಳಿನ ಮೇಲೆರಡು ದಿನ.

ಕಾವಲು ಕಾಯುವ ಸಮ-ಬೆಸ

ಹೊಸಬರನ್ನು ಕಾಡುವ ದೊಡ್ಡ ತೊಂದರೆ ಅಂಚಿನದು. ಸಾಲಿನ ಮೊದಲ ಅಥವಾ ಕೊನೆಯ ಹೊಲಿಗೆ ಕಣ್ತಪ್ಪಿ ಹೋಗುತ್ತದೆ. ಸಾದಾ ಹೊಲಿಗೆಯಲ್ಲಿ ಪ್ರತಿ ಸಾಲಿಗೂ ಒಂದೊಂದೇ ಕಳೆದುಕೊಂಡರೂ 106ರಲ್ಲಿ ಶುರುವಾದದ್ದು 90 ಸಾಲು ಮುಗಿಯುವಾಗ 16ಕ್ಕೆ ಬಂದು ನಿಲ್ಲುತ್ತದೆ. ಆಯತವಾಗಬೇಕಿದ್ದ ಹೊದಿಕೆ ತ್ರಾಪಿಜ್ಯವಾಗುತ್ತದೆ!

ಗಿಡ್ಡ-ಉದ್ದದ ಈ ಹೊಲಿಗೆಯಲ್ಲಿ ಅದಕ್ಕೊಂದು ಕಾವಲು ತಾನಾಗಿಯೇ ಇದೆ. ಸಾಲು ಮುಗಿದ ಮೇಲೆ ಒಂದು ಚೈನು ಹಾಕಿ ಬಟ್ಟೆಯನ್ನು ತಿರುಗಿಸಬೇಕು. ಆ ಚೈನನ್ನು ಹೊಲಿಗೆಯೆಂದು ಎಣಿಸಬಾರದು, ಅದರೊಳಗೆ ಹೊಲಿಗೆಯನ್ನೂ ಹಾಕಬಾರದು. ಸಂಖ್ಯೆ ಸಮವಾಗಿರುವುದರಿಂದ ಪ್ರತಿ ಸಾಲೂ ಗಿಡ್ಡದಿಂದ ಶುರುವಾಗಿ ಉದ್ದದಿಂದಲೇ ಮುಗಿಯಬೇಕು. ಒಂದು ಹೊಲಿಗೆ ಕಳೆದರೂ, ಒಂದು ಹೆಚ್ಚಾದರೂ ಕೊನೆಗೆ ಗಿಡ್ಡ ಬಂದು ಕೂರುತ್ತದೆ. ತಪ್ಪಾದ ಜಾಗದಿಂದ ಮುಂದಕ್ಕೆ ಉದ್ದದ ಮೇಲೆ ಉದ್ದ ಬಂದಿರುವುದು ಕಣ್ಣಿಗೂ ಕಾಣುತ್ತದೆ.

ಕಂಪ್ಯೂಟರುಗಳಲ್ಲಿ ಇದೇ ಉಪಾಯವಿದೆ. ಸೊನ್ನೆ ಮತ್ತು ಒಂದುಗಳ ಸಾಲಾಗಿ ಮಾಹಿತಿ ಸಾಗುವಾಗ ಕೊನೆಯಲ್ಲಿ ಇನ್ನೊಂದು ಅಂಕಿಯನ್ನು ಸೇರಿಸಿ, ಒಂದುಗಳ ಒಟ್ಟು ಸಂಖ್ಯೆ ಸಮವಾಗಿರುವಂತೆ ನೋಡಿಕೊಳ್ಳುತ್ತಾರೆ. ತಲುಪಿದ ಕಡೆ ಆ ಸಂಖ್ಯೆ ಬೆಸವಾಗಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಇದಕ್ಕೆ ಪ್ಯಾರಿಟಿ ಪರೀಕ್ಷೆ ಎಂದು ಹೆಸರು. ಆದರೆ ಇದಕ್ಕೂ ಒಂದು ಮಿತಿಯಿದೆ. ಎರಡು ತಪ್ಪುಗಳು ಒಟ್ಟಿಗೆ ಆದರೆ ಸಮವು ಸಮವಾಗಿಯೇ ಉಳಿದು ತಪ್ಪು ನುಸುಳಿಬಿಡುತ್ತದೆ. ಹೊದಿಕೆಯಲ್ಲೂ ಹಾಗೆಯೇ. ಎರಡು ಹೊಲಿಗೆ ಕಳೆದ ಸಾಲು ಕೂಡ ಉದ್ದದಿಂದಲೇ ಮುಗಿಯುತ್ತದೆ. ಆದ್ದರಿಂದ ಕೊನೆಯ ಹೊಲಿಗೆಯನ್ನು ನೋಡುವುದರ ಜೊತೆಗೆ ಎಣಿಸುವುದೂ ಬೇಕು. ಪ್ರತಿ ಇಪ್ಪತ್ತು ಹೊಲಿಗೆಗೊಂದು ಬಣ್ಣದ ದಾರದ ಗುರುತು ಕಟ್ಟಿಕೊಂಡರೆ ಎಣಿಕೆ ಸುಲಭ.

ಸಾಲು ಮುಗಿದ ಕೂಡಲೇ ತಪ್ಪು ಕಂಡರೆ ಹೆಚ್ಚೆಂದರೆ 106 ಹೊಲಿಗೆ ಬಿಚ್ಚಬೇಕು. ಹನ್ನೊಂದು ನಿಮಿಷದ ನಷ್ಟ. ಇಪ್ಪತ್ತನೆಯ ಸಾಲಿನ ತಪ್ಪು ಅರವತ್ತನೆಯ ಸಾಲಿನಲ್ಲಿ ಕಂಡರೆ ಬಿಚ್ಚಬೇಕಾದದ್ದು 4240ಕ್ಕೂ ಹೆಚ್ಚು. ಏಳು ಗಂಟೆಗಳ ದುಡಿಮೆ ಉಂಡೆಗೆ ಮರಳುತ್ತದೆ. ತಪ್ಪು ಎರಡು ಕಡೆಯೂ ಅದೇ ಒಂದು ಹೊಲಿಗೆ. ಬೆಲೆ ಹೆಚ್ಚಿದ್ದು ತಡದಿಂದ.

ಹೊಲಿಗೆ ಹೆಚ್ಚಾದರೆ ಅಂಚು ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟುತ್ತದೆ. ಸೋಜಿಗವೆಂದರೆ, ಈ ದೋಷವನ್ನೇ ಬೇಕೆಂದು ಮಾಡಿದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ, ಸಾಲಿನಿಂದ ಸಾಲಿಗೆ ಹೊಲಿಗೆಗಳನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತಾ ಹೋಗಿ, ಯೂಕ್ಲಿಡನ ಸಮತಲಕ್ಕಿಂತ ಭಿನ್ನವಾದ ಹೈಪರ್ಬೋಲಿಕ್ ತಲದ ಮಾದರಿಯನ್ನು ಕ್ರೋಶದಲ್ಲಿ ಮಾಡಿ ತೋರಿಸಿದರು. ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ದಾರದ ಮಾದರಿಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾಯಿತು.

ಪಟ್ಟೆಗಳ ಜೋಡಣೆ

ಆರು ಸಾಲಿಗೊಂದು ಪಟ್ಟೆಯಾದರೆ 90 ಸಾಲಿಗೆ 15 ಪಟ್ಟೆಗಳು. ಮೂರು ಬಣ್ಣವಾದರೆ ತಲಾ ಐದು. ಪಟ್ಟೆಯ ಸಾಲುಗಳು ಸಮ ಸಂಖ್ಯೆಯಲ್ಲಿದ್ದರೆ ಹೊಸ ಬಣ್ಣ ಯಾವಾಗಲೂ ಒಂದೇ ಅಂಚಿನಲ್ಲಿ ಶುರುವಾಗುತ್ತದೆ.

ಬಣ್ಣ ಬದಲಿಸುವುದರಲ್ಲಿ ಒಂದು ಗುಟ್ಟಿದೆ. ಕಡ್ಡಿಯ ಮೇಲಿರುವ ಕುಣಿಕೆ ಮುಂದಿನ ಹೊಲಿಗೆಯ ನೆತ್ತಿಯಾಗುತ್ತದೆ. ಆದ್ದರಿಂದ ಸಾಲಿನ ಕೊನೆಯ ಉದ್ದ ಹೊಲಿಗೆಯಲ್ಲಿ ಎರಡು ಕುಣಿಕೆ ಉಳಿದಿರುವಾಗಲೇ ಹಳೆಯ ದಾರ ಬಿಟ್ಟು ಹೊಸ ಬಣ್ಣವನ್ನು ಎಳೆಯಬೇಕು. ಸಾಲು ಮುಗಿಸಿದ ಮೇಲೆ ಬದಲಿಸಿದರೆ ಹಳೆಯ ಬಣ್ಣದ ಚುಕ್ಕೆ ಹೊಸ ಪಟ್ಟೆಯಲ್ಲಿ ಉಳಿದುಬಿಡುತ್ತದೆ. 15 ಪಟ್ಟೆಗೆ 15 ತುಂಡು ದಾರ, 30 ತುದಿಗಳು. ಪ್ರತಿಯೊಂದನ್ನೂ ಒಂದು ಗೇಣಿನಷ್ಟು ಬಿಟ್ಟು ಕತ್ತರಿಸಿ, ಮೊಂಡು ಸೂಜಿಯಿಂದ ಅದೇ ಬಣ್ಣದ ಪಟ್ಟೆಯೊಳಗೆ ಹಿಂದಕ್ಕೂ ಮುಂದಕ್ಕೂ ನೇಯ್ದು ಮುಚ್ಚಬೇಕು.

ಮಗುವಿನ ಕ್ಷೇಮ ಮೊದಲು

ತುದಿ ಮುಚ್ಚುವುದು ಅಂದದ ಮಾತಷ್ಟೇ ಅಲ್ಲ. ಸಡಿಲ ದಾರ ಹಸುಳೆಯ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು. ಕುಚ್ಚು, ಮಣಿ, ಗುಂಡಿಗಳು ಬೇಡವೇ ಬೇಡ. ದೊಡ್ಡ ತೂತಿನ ವಿನ್ಯಾಸಗಳೂ ಬೇಡ. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆಗಳನ್ನು ಇಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅದು ಮೂಗು ಬಾಯಿಗಳನ್ನು ಮುಚ್ಚುವ ಅಪಾಯವಿದೆ. ಆದ್ದರಿಂದ ಈ ಹೊದಿಕೆ ಎಚ್ಚರವಾಗಿರುವ ಮಗುವಿಗೆ, ದೊಡ್ಡವರು ಪಕ್ಕದಲ್ಲಿದ್ದಾಗ ನೆಲದ ಮೇಲೆ ಹಾಸುವುದಕ್ಕೆ, ತೊಡೆಯ ಮೇಲೆ ಹೊದಿಸುವುದಕ್ಕೆ. ಮಗು ಬೆಳೆದ ಮೇಲೆ ಹೊದ್ದು ಮಲಗಲಿ.

ದಾರದ ಆಯ್ಕೆ ಊರನ್ನು ನೋಡಿ ಆಗಬೇಕು. ರಾಯಚೂರು, ಕಲಬುರಗಿಗಳ ಸೆಕೆಗೆ ಬೆವರು ಹೀರುವ ಹತ್ತಿ ಲೇಸು. ಮಡಿಕೇರಿಯ ಚಳಿಗೆ ಮೆತ್ತನೆಯ ಉಲ್ಲನ್ ಆದೀತು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹಲವು ಸಲ ಅಕ್ರಿಲಿಕ್ ಆಗಿರುತ್ತದೆ. ಅದು ಒಗೆಯಲು ಸುಲಭ, ಆದರೆ ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆ. ಕುರಿಯ ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿಬಿಡುತ್ತದೆ.

ಲೆಕ್ಕಕ್ಕೆ ಬಾರದ ಕೈಗಳು

ಕ್ರೋಶ ಹೊಟ್ಟೆಪಾಡೂ ಹೌದು. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಕ್ಷಾಮ ಬಂದಾಗ ಕ್ರೋಶ ಲೇಸು ಅನೇಕ ಬಡ ಕುಟುಂಬಗಳನ್ನು ಸಾಕಿತು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಮಾಡುವ ಲೇಸು ಹೊರದೇಶಗಳಿಗೆ ಹೋಗುತ್ತದೆ. ಅವರನ್ನು ಕುರಿತು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಬರೆದ ಪುಸ್ತಕ 1982ರಲ್ಲಿ ಬಂತು. ಜಗತ್ತಿನ ಮಾರುಕಟ್ಟೆಗೆ ದುಡಿಯುತ್ತಿದ್ದರೂ ಅವರನ್ನು ಸುಮ್ಮನೆ ಮನೆಯಲ್ಲಿರುವ ಗೃಹಿಣಿಯರೆಂದೇ ಕಾಣಲಾಗುತ್ತಿತ್ತು ಎಂದು ಆಕೆ ತೋರಿಸಿದರು. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಒಂದು ಹೊದಿಕೆಯ 9540 ಹೊಲಿಗೆಗಳನ್ನು ತಾನೇ ಎಣಿಸಿದ ಮಗುವಿಗೆ ಅಂಥ ಕೆಲಸದ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ತಂದೆ ತಾಯಿಯರಿಗೆ ಒಂದು ಮಾತು. ಮಗ ಅಥವಾ ಮಗಳು ಹಾಕಿದ ಸಾಲು ವಾರೆಯಾಗಿದೆ ಎಂದು ಕಂಡಾಗ ಕಡ್ಡಿ ಕಸಿದುಕೊಂಡು ಸರಿಮಾಡಿ ಕೊಡುವ ಆತುರ ಬೇಡ. ಇಪ್ಪತ್ತು ಹೊಲಿಗೆಯ ಸಣ್ಣ ತುಂಡಿನಿಂದ ಶುರುಮಾಡಿಸಿ, ಸಾಲು ಮುಗಿದಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಕೊನೆಯದು ಗಿಡ್ಡವೋ, ಉದ್ದವೋ? ಗಿಡ್ಡ ಎಂದು ಉತ್ತರ ಬಂದರೆ ಏನು ಮಾಡಬೇಕೆಂದು ಮಗುವಿಗೇ ಹೊಳೆಯುತ್ತದೆ.