ಪಾರ್ಶ್ವವಾಯುವಿನ ಬಳಿಕ ಮರಳಿ ದುಡಿಮೆಗೆ

ಕರಾವಳಿಯ ಕಟ್ಟಡ ಕೆಲಸಗಳಲ್ಲಿ ವಿಜಯಪುರ ಜಿಲ್ಲೆಯಿಂದ ಬಂದವರು ಬಹಳ ಮಂದಿ ಇದ್ದಾರೆ. ಅವರಲ್ಲೊಬ್ಬರಿಗೆ ಪಾರ್ಶ್ವವಾಯು, ಅವರ ಮಾತಿನಲ್ಲಿ ಲಕ್ವಾ, ಬಡಿದರೆ ಆಸ್ಪತ್ರೆಯಿಂದ ಬಿಡಿಸಿ ಬಸ್ಸು ಹತ್ತಿಸುವಲ್ಲಿಗೆ ನಮ್ಮ ಕಾಳಜಿ ಮುಗಿಯುತ್ತದೆ. ಇಂಡಿ ತಾಲೂಕಿನ ಹೊರ್ತಿಯಂಥ ಊರಿನಲ್ಲಿ ಇಳಿದ ಮೇಲೆ ಅವರು ಏನು ಮಾಡಿ ಬದುಕಬೇಕು?

ಕೈಕಾಲುಗಳ ಶಕ್ತಿ ಹೆಚ್ಚಾಗಿ ಮರಳುವುದು ಮೊದಲ ಮೂರು ತಿಂಗಳಲ್ಲಿ. ಆ ಬಳಿಕವೂ ನಿಧಾನವಾಗಿ ಸುಧಾರಣೆ ಇರುತ್ತದೆ. ಆದರೆ ಆ ಅಮೂಲ್ಯ ದಿನಗಳು ಎಣ್ಣೆ ತಿಕ್ಕಿಸಿಕೊಂಡು ಮಲಗುವುದರಲ್ಲೇ ಕಳೆಯುತ್ತವೆ, ಫಿಸಿಯೋಥೆರಪಿ ತಪ್ಪಿಹೋಗುತ್ತದೆ. ಮೊದಲ ತಿಂಗಳಲ್ಲೇ 'ಇನ್ನು ಇವರ ಕೈಲಾಗದು' ಎಂದು ಮನೆಯವರು ತೀರ್ಮಾನಿಸುವುದು ಅನ್ಯಾಯ.

ಕೆಲಸ ಮಾಡಬಲ್ಲರೇ ಎಂದು ಕೇಳುವುದಕ್ಕಿಂತ ಕೆಲಸದ ಯಾವ ಭಾಗವನ್ನು ಮಾಡಬಲ್ಲರು ಎಂದು ಕೇಳಬೇಕು. ಇಂಡಿ ನಿಂಬೆಯ ಸೀಮೆ. 2023ರಲ್ಲಿ ಅಲ್ಲಿನ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಮುಳ್ಳಿನ ಗಿಡದಿಂದ ಹಣ್ಣು ಕೀಳಲು ಎರಡೂ ಕೈ ಬೇಕು. ನೆರಳಲ್ಲಿ ಕುಳಿತು ಗಾತ್ರ ನೋಡಿ ವಿಂಗಡಿಸಲು ಒಂದು ಕೈ ಸಾಕು. ಬೆಳಿಗ್ಗೆ ಎರಡು ತಾಸಿನಿಂದ ಆರಂಭಿಸಿದರೆ ಒಳ್ಳೆಯದು, ಏಕೆಂದರೆ ಈ ಕಾಯಿಲೆಯ ಬಳಿಕದ ಆಯಾಸ ಹೊರಗೆ ಕಾಣುವುದಿಲ್ಲ. ಅದನ್ನು ಸೋಮಾರಿತನ ಎನ್ನುವವರೇ ಹೆಚ್ಚು. ಕೆಲವರಿಗೆ ಒಂದು ಪಕ್ಕದ ವಸ್ತುಗಳು ಗಮನಕ್ಕೇ ಬರುವುದಿಲ್ಲ. ಆದ್ದರಿಂದ ವೈದ್ಯರು ಪರೀಕ್ಷಿಸಿ ಒಪ್ಪುವ ತನಕ ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ, ಸಾರುವೆ ಇವೆಲ್ಲ ಬೇಡ.

ಸರಕಾರಿ ನೌಕರರ ವಿಷಯ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 20(4)ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಸರಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಈ ವ್ಯಾಖ್ಯೆಯೊಳಗೆ ಬರುತ್ತವೆ. ನಮ್ಮ ಅನುದಾನಿತ ಶಾಲೆಗಳ ಆಡಳಿತದವರು ಇದನ್ನು ಎರಡು ಸಲ ಓದಬೇಕು. ಮನೆಯವರು ಗಾಬರಿಯಲ್ಲಿ ರಾಜೀನಾಮೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದನ್ನು ಮೊದಲು ತಡೆಯಬೇಕು.

ದಿನಗೂಲಿಯವರಿಗೆ ಇಂಥ ರಕ್ಷಣೆ ಇಲ್ಲ. ವಿಶಿಷ್ಟ ಗುರುತಿನ ಚೀಟಿಗೆ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ, ಅರ್ಜಿ ಹಾಕಲು ನೆರವಾಗಬಹುದು. ಬಸ್ಸು ಹತ್ತಿಸುವ ಮುನ್ನ ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ವರದಿ, ರಕ್ತದೊತ್ತಡದ ಮಾತ್ರೆಗಳ ಹೆಸರು ಇವನ್ನೆಲ್ಲ ಒಂದು ಚೀಲದಲ್ಲಿಟ್ಟು ಜೊತೆಗೆ ಹೋಗುವವರ ಕೈಗೆ ಕೊಡಿ. ಮಾತ್ರೆ ನಿಂತರೆ ಎರಡನೇ ಸಲ ಬಡಿಯುವ ಅಪಾಯ ಹೆಚ್ಚು, ಮತ್ತು ಊರಿನ ವೈದ್ಯರಿಗೆ ಆ ಕಾಗದಗಳೇ ಆಧಾರ.