ಮನೆ ಕೊಳ್ಳುವ ಮುನ್ನ ರಜಿಸ್ಟ್ರಿಯ ಲೆಕ್ಕ



ಬೀಜದ ದುಡ್ಡೊಂದನ್ನೇ ಎಣಿಸಿಕೊಂಡು ಬಿತ್ತನೆಗೆ ಇಳಿಯುವ ರೈತನಿಲ್ಲ. ಗೊಬ್ಬರ, ಕೂಲಿ, ಎಡೆ ಹೊಡೆಯುವುದು, ರಾಶಿಯ ಖರ್ಚು, ಎಲ್ಲವನ್ನೂ ಕೂಡಿಸಿಯೇ ನೀವು ಲೆಕ್ಕ ಹಾಕುತ್ತೀರಿ. ಆದರೆ ಮನೆ ಕೊಳ್ಳುವಾಗ ಮಾತ್ರ ನಮ್ಮಲ್ಲಿ ಬಹಳ ಮಂದಿ ಮಾತಾಡಿದ ಬೆಲೆಯೊಂದನ್ನೇ ನೋಡುತ್ತಾರೆ. ಇದ್ದ ಹಣವೆಲ್ಲ ಮಾರುವವರ ಕೈಗೆ ಹೋದ ಮೇಲೆ ರಜಿಸ್ಟ್ರಿಗೆ ದುಡ್ಡಿಲ್ಲವೆಂದು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಸುಮ್ಮನಾಗುತ್ತಾರೆ. ಇದು ದೊಡ್ಡ ಅಪಾಯ. ಏಕೆಂದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಖರೀದಿ ಪತ್ರ ರಜಿಸ್ಟರ್ ಆಗಲೇಬೇಕು. ಆಗದಿದ್ದರೆ ಮನೆಯಲ್ಲಿ ವಾಸ ನಿಮ್ಮದು, ಹಕ್ಕು ಮಾತ್ರ ಹಳೆಯ ಮಾಲೀಕರದು. ನಾಳೆ ಅವರು ತೀರಿಕೊಂಡರೆ ಅವರ ಮಕ್ಕಳು ಬಂದು ಬಾಗಿಲು ತಟ್ಟಬಹುದು. ಮುಖ್ತ್ಯಾರ ಪತ್ರ ಬರೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ಹಾಗಾದರೆ ರಜಿಸ್ಟ್ರಿಗೆ ಎಷ್ಟು ಹಣ ಬೇಕು? ಭಾಗ್ಯನಗರದಲ್ಲಿ ಒಂದು ಮನೆ ಕೊಳ್ಳುತ್ತೀರಿ ಎಂದು ಇಟ್ಟುಕೊಳ್ಳೋಣ. ಮಾತಾಡಿದ ಬೆಲೆ 12 ಲಕ್ಷ. ಆದರೆ ಆ ಜಾಗಕ್ಕೆ ಸರಕಾರದ ಮಾರ್ಗಸೂಚಿ ದರದಂತೆ ಮನೆಯ ಬೆಲೆ 15 ಲಕ್ಷ ಆಗುತ್ತದೆ. ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ನಡೆಯುತ್ತದೆ. ಈಗ ನೋಡಿರಿ:

ಮುದ್ರಾಂಕ ಶುಲ್ಕ, ಅಂದರೆ ಸ್ಟಾಂಪಿನ ತೆರಿಗೆ, ನೂರಕ್ಕೆ 5ರಂತೆ: 75,000 ರೂ.
ಆ ಶುಲ್ಕದ ಮೇಲೆ ನೂರಕ್ಕೆ 10ರಂತೆ ಸೆಸ್: 7,500 ರೂ.
ಪಟ್ಟಣವಾದ್ದರಿಂದ ಅದೇ ಶುಲ್ಕದ ಮೇಲೆ ನೂರಕ್ಕೆ 2ರಂತೆ ಸರ್‌ಚಾರ್ಜ್: 1,500 ರೂ.
ನೋಂದಣಿ ಶುಲ್ಕ ನೂರಕ್ಕೆ 2ರಂತೆ: 30,000 ರೂ.
ಒಟ್ಟು: 1,14,000 ರೂ.

ಅಂದರೆ ನೂರಕ್ಕೆ 7 ರೂಪಾಯಿ 60 ಪೈಸೆ. ಹಳ್ಳಿಯಾದರೆ ಸರ್‌ಚಾರ್ಜ್ ನೂರಕ್ಕೆ 3. ಇದೇ ಲೆಕ್ಕದಲ್ಲಿ 750 ರೂಪಾಯಿ ಹೆಚ್ಚಾಗುತ್ತದೆ. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು. 2025ರ ಆಗಸ್ಟ್ 31ರಿಂದ 2 ಆಗಿದೆ. ಆದ್ದರಿಂದ ಹಿಂದೆ ಕೊಂಡವರು ಹೇಳುವ ಲೆಕ್ಕವನ್ನು ನಂಬಿ ಹೊರಡಬೇಡಿರಿ. ನೂರಕ್ಕೆ 2 ಅಥವಾ 3ರ ಸ್ಟಾಂಪು ಸಾಕೆಂದು ಕೆಲವರು ಹೇಳುವುದುಂಟು. ಅದು ಕಡಿಮೆ ಬೆಲೆಯ ಹೊಸ ಫ್ಲಾಟುಗಳ ಮೊದಲನೆಯ ಮಾರಾಟಕ್ಕೆ ಕೊಟ್ಟ ರಿಯಾಯಿತಿ. ನಮ್ಮ ಬಿಡಿ ಮನೆಗೂ ಪ್ಲಾಟಿಗೂ ಅಲ್ಲ.

ಪತ್ರದಲ್ಲಿ ಬೆಲೆ ಇಳಿಸಿ ಬರೆಸಿದರೆ ಉಳಿತಾಯವಲ್ಲವೆ, ಎಂದು ಕೇಳಬಹುದು. ಮಾರ್ಗಸೂಚಿ ದರಕ್ಕಿಂತ ಕೆಳಗೆ ಬರೆಸಿದರೆ 1957ರ ಕರ್ನಾಟಕ ಮುದ್ರಾಂಕ ಕಾಯಿದೆಯಂತೆ ಬೆಲೆ ನಿರ್ಣಯಕ್ಕೆ ಪತ್ರ ಮೇಲಿನ ಅಧಿಕಾರಿಗೆ ಹೋಗುತ್ತದೆ, ಕಡಿಮೆ ಬಿದ್ದ ಶುಲ್ಕ ಕಟ್ಟಲೇಬೇಕಾಗುತ್ತದೆ. ಅಲ್ಲದೆ ವ್ಯವಹಾರ ಮುರಿದು ಕೋರ್ಟಿಗೆ ಹೋದರೆ, ಪತ್ರದಲ್ಲಿ ಇಲ್ಲದ ಹಣ ಕೊಟ್ಟಿದ್ದೇವೆಂದು ತೋರಿಸುವುದು ಬಲು ಕಷ್ಟ.

ಇದಲ್ಲದೆ ಪತ್ರ ಬರೆಯುವವರ ಕೂಲಿ, ವಕೀಲರ ಫೀ, ಖಾತೆ ಬದಲಾವಣೆಯ ಶುಲ್ಕ ಇವೆ. ಹಳೆಯ ಮನೆ ತೆರಿಗೆ ಬಾಕಿ ಇದ್ದರೆ ಅದನ್ನು ಯಾರು ಕಟ್ಟತಕ್ಕದ್ದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿರಿ. ಬ್ಯಾಂಕಿನ ಸಾಲ ನಂಬಿದವರೂ ಗಮನಿಸಬೇಕು: 30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ ನೂರಕ್ಕೆ 90ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮನೆಯ ಬೆಲೆ 10 ಲಕ್ಷ ಮೀರಿದರೆ ಸ್ಟಾಂಪು, ರಜಿಸ್ಟ್ರಿಯ ಖರ್ಚನ್ನು ಆ ಬೆಲೆಗೆ ಸೇರಿಸುವುದೂ ಇಲ್ಲ. ಆ ಹಣ ನಿಮ್ಮ ಕೈಯಿಂದಲೇ ಬರಬೇಕು.

ಸಂಚಕಾರ ಕೊಡುವ ಮುಂಚೆ ಮೂರು ಕೆಲಸ ಮಾಡಿರಿ. ಒಂದನೆಯದು, ಋಣಭಾರ ಪತ್ರ ತೆಗೆಸಿ ಆಸ್ತಿಯ ಮೇಲೆ ರಜಿಸ್ಟರ್ ಆದ ಸಾಲ, ಬೋಜಾ ಇದೆಯೋ ನೋಡುವುದು. ಎರಡನೆಯದು, ಇ-ಖಾತೆ ಮಾರುವವರ ಹೆಸರಿನಲ್ಲಿಯೇ ಇದೆಯೇ ಎಂದು ತಿಳಿಯುವುದು. ಭಾಗ್ಯನಗರದಲ್ಲಿ ಪಟ್ಟಣ ಪಂಚಾಯಿತಿಯಲ್ಲಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಪ್ಲಾಟಾದರೆ ಹೊಲವನ್ನು ಎನ್.ಎ. ಮಾಡಿಸಿ ನಕ್ಷೆ ಮಂಜೂರಾಗಿದೆಯೋ ಕೇಳಿರಿ. ಮೂರನೆಯದು, ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಇಲ್ಲವೆ ಸರಕಾರದ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ದರ ನೋಡಿ ಖರ್ಚನ್ನು ಕಾಗದದ ಮೇಲೆ ಬರೆಯುವುದು. ಸಂಚಕಾರವನ್ನು ಬ್ಯಾಂಕಿನ ಮೂಲಕವೇ ಕೊಡಿರಿ, ದಾಖಲೆ ಉಳಿಯುತ್ತದೆ.

ಖರೀದಿ ಪತ್ರಕ್ಕೆ ಸಹಿ ಬಿದ್ದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ರಜಿಸ್ಟ್ರಿಗೆ ಹಾಜರುಪಡಿಸಬೇಕು, ತಡವಾದರೆ ದಂಡ. ಆದ್ದರಿಂದ ಬೆಲೆ ಮಾತಾಡುವ ದಿನವೇ ನೂರಕ್ಕೆ ಎಂಟು ರೂಪಾಯಿಯಂತೆ ಹಣ ಬೇರೆ ತೆಗೆದಿಡಿರಿ, ಕೈಖರ್ಚಿಗೆ ಮತ್ತಷ್ಟು ಇರಲಿ. ಅಷ್ಟು ಹೊಂದದಿದ್ದರೆ ಇನ್ನೊಂದು ಸುಗ್ಗಿ ಕಾಯಿರಿ, ಇಲ್ಲವೆ ಸ್ವಲ್ಪ ಚಿಕ್ಕ ಮನೆ ನೋಡಿರಿ. ಈ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳೊಂದಿಗೆ ಕೂತು ಹಾಕಿರಿ. ಕಾಗದ ಗಟ್ಟಿಯಾಗಿದ್ದರೆ ಮನೆ ಗಟ್ಟಿ.