ಸಂವಿಧಾನದಲ್ಲಿ ಮಿರ್ಜಾನ ಎಲ್ಲಿದೆ?

ಅಘನಾಶಿನಿ ದಂಡೆಯ ಮಿರ್ಜಾನ ಕೋಟೆಗೆ ಬಂದವರಿಗೆ ಮೆಣಸಿನ ರಾಣಿಯ ಕಥೆ ಹೇಳಲು ಬೇಕಾದಷ್ಟು ಜನರಿದ್ದಾರೆ. ಇದೇ ಮಿರ್ಜಾನ ಯಾವ ಕಾನೂನಿನ ಯಾವ ಸಾಲಿನಿಂದ ಕರ್ನಾಟಕಕ್ಕೆ ಸೇರಿತು ಎಂದು ಕೇಳಿದರೆ ಹೇಳುವವರು ಕಡಿಮೆ. ಅದನ್ನು ಹುಡುಕಿ ತೆಗೆಯುವುದೂ ಒಂದು ವಿದ್ಯೆ. ವಕೀಲರೇ ಆಗಬೇಕೆಂದಿಲ್ಲ, ತಾಳ್ಮೆಯುಳ್ಳ ಯಾರಿಗಾದರೂ ಅದು ಒಲಿಯುತ್ತದೆ.

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಸ್ವಂತ ಸಂವಿಧಾನವಿದೆ. ನಮ್ಮಲ್ಲಿ 1957ರಿಂದ 2019ರವರೆಗೆ ಜಮ್ಮು ಮತ್ತು ಕಾಶ್ಮೀರಕ್ಕೆ ಮಾತ್ರ ಅದು ಇತ್ತು. ಕರ್ನಾಟಕಕ್ಕೆ ಪ್ರತ್ಯೇಕ ಪುಸ್ತಕವಿಲ್ಲ. ಭಾರತ ಸಂವಿಧಾನದ ಮೊದಲನೇ ಅನುಸೂಚಿಯೇ ಹುಡುಕಾಟದ ಬಾಗಿಲು. ಅಲ್ಲಿ 9ನೇ ನಮೂದು ಕರ್ನಾಟಕದ್ದು. ಆದರೆ ಅದರಲ್ಲಿ ಒಂದು ಊರಿನ ಹೆಸರೂ ಇಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಂ ನೋಡಿ ಎನ್ನುತ್ತದೆ. ಆ ಕಲಂ ತೆರೆದರೆ ಹಳೆಯ ಮೈಸೂರು, ಕೊಡಗು, ಹೈದರಾಬಾದಿನ ಜಿಲ್ಲೆಗಳು, ಮದ್ರಾಸಿನ ದಕ್ಷಿಣ ಕನ್ನಡ ಎಲ್ಲವೂ ಸಾಲಾಗಿ ಬರುತ್ತವೆ. ಮುಂಬೈ ರಾಜ್ಯದಿಂದ ಬಂದದ್ದು ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಕೆನರಾ ಜಿಲ್ಲೆ. ಈ ಕೊನೆಯದೇ ನಮ್ಮ ಉತ್ತರ ಕನ್ನಡ. ಮಿರ್ಜಾನ ಇರುವುದು ಅಲ್ಲಿ.

ಓದುವಾಗ ಅಡಿಟಿಪ್ಪಣಿ ಬಿಡಬಾರದು. ಯಾವ ಮಾತು ಯಾವ ತಿದ್ದುಪಡಿಯಿಂದ, ಯಾವ ದಿನದಿಂದ ಬಂತು ಎಂಬುದನ್ನು ಅಧಿಕೃತ ಮುದ್ರಣ ಅಲ್ಲೇ ಹೇಳಿರುತ್ತದೆ. ಈ ಅನುಸೂಚಿಯನ್ನು 1956ರ 7ನೇ ತಿದ್ದುಪಡಿ ಪೂರ್ತಿ ಬದಲಿಸಿತು. 1950ರ ಪ್ರತಿಯಲ್ಲಿ ಮುಂಬೈ ‘ಎ’ ಭಾಗದ ರಾಜ್ಯ, ಮೈಸೂರು ‘ಬಿ’ ಭಾಗದ್ದು. ಹಾಗಾಗಿ 1952ರ ಮೊದಲ ಚುನಾವಣೆಯಲ್ಲಿ ಮಿರ್ಜಾನವಿರುವ ಕುಮಟಾ ಸೀಮೆಯವರು ಆರಿಸಿದ್ದು ಮುಂಬೈ ವಿಧಾನಸಭೆಗೆ.

ಕರ್ನಾಟಕದ ಸಂವಿಧಾನ ಚರಿತ್ರೆ ಎಂದೊಡನೆ ನಮ್ಮ ಬರಹಗಳು 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸೇರಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಿಂದ ಶುರುವಾಗುತ್ತವೆ. ಅದು ಹೆಮ್ಮೆಪಡುವ ಸಂಸ್ಥೆಯೇ ಸರಿ. ಆದರೆ ಕರಾವಳಿಯ ರೈತನಿಗೆ ಅಲ್ಲಿ ಜಾಗವಿರಲಿಲ್ಲ. ಅವನ ದಾರಿ ಬೇರೆ: 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಮದ್ರಾಸ್ ಆಡಳಿತ, 1862ರಿಂದ ಮುಂಬೈ. ಧಾರವಾಡದ ಹತ್ತಿಗೆ ಕಾರವಾರ ಬಂದರು ಬೇಕೆಂದು ವ್ಯಾಪಾರಿಗಳು ಹಟ ಹಿಡಿದದ್ದು ಈ ವರ್ಗಾವಣೆಯ ಹಿಂದಿನ ದೊಡ್ಡ ಕಾರಣ. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಸಂವಿಧಾನ ಸಭೆಯಲ್ಲಿ ಆರ್. ಆರ್. ದಿವಾಕರ, ಎಸ್. ನಿಜಲಿಂಗಪ್ಪ ಕುಳಿತದ್ದೂ ಮುಂಬೈ ಪ್ರಾಂತ್ಯದ ಸದಸ್ಯರಾಗಿಯೇ.

ನನಗೆ ಅತಿ ಮುಖ್ಯವೆನಿಸುವುದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ. ಪ್ರದೇಶ ರಾಜ್ಯ ಬದಲಿಸಿದರೂ, ಹೊಸ ಶಾಸನ ಬರುವವರೆಗೆ ಅಲ್ಲಿ ಹಳೆಯ ಕಾನೂನೇ ನಡೆಯಬೇಕು ಎಂದು ಅದು ಹೇಳುತ್ತದೆ. 1956ರ ನವೆಂಬರ್ 1ರಂದು ಮಿರ್ಜಾನ ಮೈಸೂರು ರಾಜ್ಯಕ್ಕೆ ಸೇರಿತು; ಅಲ್ಲಿ ಗದ್ದೆ ಗೇಣಿಗೆ ಮಾಡುತ್ತಿದ್ದವನ ಹಕ್ಕು ಮಾತ್ರ 1948ರ ಮುಂಬೈ ಗೇಣಿ ಕಾಯ್ದೆಯಡಿಯೇ ಇತ್ತು. ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಹಳೆಯ ಜಮೀನು ಕಾಗದ ಓದುವವರು ಈ ತಾರೀಕುಗಳನ್ನು ಬಿಟ್ಟರೆ ಅರ್ಥವೇ ತಪ್ಪುತ್ತದೆ.

ಇನ್ನೂ ಆಳಕ್ಕೆ ಇಳಿಯುವವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೊಂದೇ ಸಾಲದು. 1862ರ ಹಿಂದಿನ ಕಡತಗಳಿಗೆ ಚೆನ್ನೈನ ಎಗ್ಮೋರಿಗೆ, ಆಮೇಲಿನವಕ್ಕೆ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. 1883ರಲ್ಲಿ ಬಂದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟವನ್ನು ಹೊರಡುವ ಮುಂಚೆಯೇ ಓದಿಕೊಂಡರೆ ಒಳ್ಳೆಯದು. ಸಂವಿಧಾನ ಸಭೆಯ ಚರ್ಚೆಗಳೂ ಈ ಕಾಯ್ದೆಗಳೂ ಈಗ ಅಂತರ್ಜಾಲದಲ್ಲೇ ಪುಕ್ಕಟೆ ಸಿಗುತ್ತವೆ.

ಕುಮಟಾ, ಹೊನ್ನಾವರ, ಭಟ್ಕಳದ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಈ ಬಾರಿಯ ರಾಜ್ಯೋತ್ಸವದಲ್ಲಿ ಧ್ವಜ ಹಾರಿಸಿದ ಬಳಿಕ ಮಕ್ಕಳಿಂದ ಆ 7ನೇ ಕಲಮನ್ನು ಒಮ್ಮೆ ಗಟ್ಟಿಯಾಗಿ ಓದಿಸಿ, ತಮ್ಮ ಜಿಲ್ಲೆ ಅದರಲ್ಲಿ ಎಲ್ಲಿದೆಯೆಂದು ಅವರೇ ಹುಡುಕಲಿ.